ದೊಡ್ಡಳಿಯ ವಾಪಸ್ ಬಂದರು

ಬೆಂಗಳೂರಿನ ಯಾವ ಕುಟುಂಬವನ್ನೇ ತೆಗೆದುಕೊಳ್ಳಿ, ಅಮೆರಿಕದಿಂದ ವಾಪಸ್ ಬಂದವರು ಒಬ್ಬರಾದರೂ ಸಿಗುತ್ತಾರೆ. ನಮ್ಮಲ್ಲಿ ಆ ಸ್ಥಾನ ನನ್ನ ಷಡ್ಡಕರದು. ನನ್ನ ಹೆಂಡತಿಯ ಅಕ್ಕನ ಗಂಡ; ಅತ್ತೆಯವರ ಬಾಯಲ್ಲಿ ‘ದೊಡ್ಡ ಅಳಿಯಂದ್ರು’. ಎರಡು ಸಾವಿರನೇ ಇಸವಿ ಬಂದೊಡನೆ ಕಂಪ್ಯೂಟರುಗಳೆಲ್ಲ ಕೈಕೊಡುತ್ತವೆ ಎಂದು ಅಮೆರಿಕ ಹೆದರಿ ಕೂತಿದ್ದ ಕಾಲದಲ್ಲಿ, ಅದನ್ನು ಉಳಿಸಲು 1998ರಲ್ಲಿ ಹೊರಟವರು. ಬೀಳ್ಕೊಡಲು ಎಚ್‌ಎಎಲ್ ವಿಮಾನ ನಿಲ್ದಾಣಕ್ಕೆ ಎರಡು ಮೆಟಡಾರ್ ತುಂಬ ಜನ ಹೋಗಿದ್ದೆವು. ಅಮೆರಿಕ ಉಳಿಯಿತು; ಇವರೂ ಅಲ್ಲೇ ಉಳಿದರು. ‘ಎರಡೇ ವರ್ಷ’ ಎಂದು ಹೋದವರು ಇಪ್ಪತ್ತೈದು ದಾಟಿಸಿಕೊಂಡು ದೇವನಹಳ್ಳಿಯಲ್ಲಿ ಇಳಿದಾಗ, ಕರೆತರಲು ಹೋದವನು ನಾನೊಬ್ಬನೇ. ಚಿಕ್ಕಳಿಯ ಎಂದರೆ ಅಷ್ಟೇ ತಾನೆ: ಗ್ಯಾಸು, ಆಸ್ಪತ್ರೆ, ಏರ್‌ಪೋರ್ಟು.

ಬಂದ ಸಂಭ್ರಮಕ್ಕೆ ಅತ್ತೆ ಒಬ್ಬಟ್ಟು ಮಾಡಿದ್ದರು. ವಾರಕ್ಕೆರಡು ಸಲ ಆ ಮನೆಗೆ ಹೋಗುವ ನನಗೆ ಸಾಮಾನ್ಯವಾಗಿ ಸಿಗುವುದು ಒಗ್ಗರಣೆ ಮಂಡಕ್ಕಿ. ಇರಲಿ.

ನಡುವೆ ಅವರು ಬರುತ್ತಲೇ ಇರಲಿಲ್ಲವೆಂದಲ್ಲ. ಡಿಸೆಂಬರಿನಲ್ಲಿ ಮೂರು ವಾರಕ್ಕೆ ಬಂದು, ಎರಡು ಮದುವೆ, ಒಂದು ತಿರುಪತಿ, ಒಂದಷ್ಟು ರೇಷ್ಮೆ ಸೀರೆ ಮುಗಿಸಿಕೊಂಡು ಹೋಗುತ್ತಿದ್ದರು. ನೆಂಟನಾಗಿ ಬಂದವನನ್ನು ಊರು ಉಪಚರಿಸುತ್ತದೆ. ಮನೆಯವನಾಗಿ ಬಂದರೆ ನೀರಿನ ಟ್ಯಾಂಕರಿಗೆ ಫೋನ್ ಮಾಡಲು ಹೇಳುತ್ತದೆ.

ಮನಸ್ಸು ಬಸವನಗುಡಿಯದಾದರೂ ಮನೆ ಮಾಡಿದ್ದು ಸರ್ಜಾಪುರ ರಸ್ತೆಯಲ್ಲಿ. ಮಗಳ ಶಾಲೆ, ಈಜುಕೊಳ, ಕರೆಂಟು ಹೋದ ಕ್ಷಣವೇ ಎದ್ದು ಕೂರುವ ಜನರೇಟರು, ಎಲ್ಲ ಅಲ್ಲಿ. ಅಲ್ಲಿಂದ ಗಾಂಧಿಬಜಾರಿಗೆ ಬರಬೇಕೆಂದರೆ ಸಿಲ್ಕ್ ಬೋರ್ಡ್ ದಾಟಬೇಕು. ಅದನ್ನು ದಾಟಿದವರಿಗೆ ಸಮುದ್ರ ದಾಟಿದ್ದು ದೊಡ್ಡ ವಿಷಯ ಅನ್ನಿಸುವುದಿಲ್ಲ. ಬಂದ ಮೊದಲ ವಾರವೇ ವಿದ್ಯಾರ್ಥಿ ಭವನದ ದೋಸೆ ತಿನ್ನಿಸುತ್ತೇನೆಂದು ಸಂಸಾರವನ್ನು ಕಾರಿನಲ್ಲಿ ಎರಡು ಗಂಟೆ ಕೂರಿಸಿಕೊಂಡು ಬಂದರು. ಬಂದದ್ದು ಶುಕ್ರವಾರ. ಶುಕ್ರವಾರ ಅಲ್ಲಿ ರಜೆ ಎಂಬುದು ಗಾಂಧಿಬಜಾರಿನ ಹೂವಿನವರ ಮಕ್ಕಳಿಗೂ ಗೊತ್ತು. ‘ಕಾಲೇಜಲ್ಲಿದ್ದಾಗ ದಿನಾ ಅಲ್ಲೇ ಬಿದ್ದಿರ್ತಿದ್ದೆ’ ಎಂದು ಕ್ಯಾಲಿಫೋರ್ನಿಯಾದಲ್ಲಿ ಮಗಳಿಗೆ ಕತೆ ಹೇಳಿದ್ದ ಮನುಷ್ಯ ಮುಚ್ಚಿದ ಬಾಗಿಲ ಮುಂದೆ ನಿಂತಿದ್ದರು. ಮಗಳು ಒಂದು ಫೋಟೊ ತೆಗೆದು ಅಲ್ಲಿಯ ಗೆಳತಿಯರಿಗೆಲ್ಲ ಕಳಿಸಿದಳು.

ದಾರಿ ಹೇಳುವುದರಲ್ಲೂ ಇದೇ ಕತೆ. ಟ್ಯಾಕ್ಸಿಯ ಹುಡುಗ ರಾಯಚೂರು ಕಡೆಯವನು. ‘ಎಂ.ಜಿ. ರೋಡಲ್ಲಿ ಪ್ಲಾಜಾ ಹತ್ರ ನಿಲ್ಸಪ್ಪ’ ಎಂದರು.

‘ಪ್ಲಾಜಾ ಅಂದ್ರ ಮಾಲ್ ಏನ್ರಿ ಸರ?’

‘ಟಾಕೀಸಪ್ಪ, ಇಂಗ್ಲಿಷ್ ಪಿಕ್ಚರ್ ಹಾಕ್ತಾರಲ್ಲ!’

‘ಅಲ್ಲಿ ಮೆಟ್ರೊ ಸ್ಟೇಷನ್ ಐತ್ರಿ ಸರ. ಇಳೀತೀರೇನು?’

ಮೆಟ್ರೊ ಆ ರಸ್ತೆಗೆ ಬಂದದ್ದು 2011ರಲ್ಲಿ. ಹುಡುಗ ಆಗ ರಾಯಚೂರಿನಲ್ಲಿ ಪ್ರೈಮರಿ ಸ್ಕೂಲಿನಲ್ಲಿದ್ದಿರಬೇಕು. ಇಂಡಿಯಾ ಕಾಫಿ ಹೌಸ್ 2009ರಲ್ಲಿ ಎಂ.ಜಿ. ರೋಡ್ ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಯಿತು, ಪ್ರೀಮಿಯರ್ ಪುಸ್ತಕದಂಗಡಿ ಅದೇ ವರ್ಷ ಬಾಗಿಲು ಹಾಕಿತು. ಒಂದೊಂದನ್ನೂ ನಾನು ಹೇಳುತ್ತ ಹೋದಂತೆ ಅವರ ಮುಖ ಬಿಗಿಯಾಯಿತು. ಕೊನೆಗೆ, ಮನೆ ನೋಡಿಕೊಳ್ಳಲು ಬಿಟ್ಟುಹೋದ ಆಳನ್ನು ಕೇಳುವ ಹಾಗೆ ಕೇಳಿದರು: ‘ಅಲ್ರೀ, ನೀವೆಲ್ಲ ಇಲ್ಲೇ ಇದ್ದು ಏನ್ ಮಾಡ್ತಿದ್ರಿ?’

ಏನು ಮಾಡುತ್ತಿದ್ದೆವು? ಅವರ ಸೈಟಿನ ಕಂದಾಯ ಕಟ್ಟುತ್ತಿದ್ದೆವು.

ಬಸ್ಸಿಗೆ ಅವರು ಈಗಲೂ ‘ಬಿಟಿಎಸ್’ ಎನ್ನುತ್ತಾರೆ. ಅದು 1997ರಲ್ಲೇ, ಇವರು ಇನ್ನೂ ಇಲ್ಲಿರುವಾಗಲೇ, ಬಿಎಂಟಿಸಿ ಆಗಿತ್ತು. ಆದರೆ ಇದಕ್ಕೆ ನಗುವ ಯೋಗ್ಯತೆ ನಮಗಿಲ್ಲ. ಬೆಸ್ಕಾಂ ಬಂದು ಎರಡು ದಶಕ ದಾಟಿದರೂ ಕರೆಂಟ್ ಹೋದರೆ ‘ಕೆಇಬಿಯವರಿಗೆ ಫೋನ್ ಮಾಡು’ ಎನ್ನುವವರು ನಾವೇ. ಜಯನಗರದ ನಂದಾ ಟಾಕೀಸು ಇಲ್ಲವಾಗಿ ಎಷ್ಟೋ ಕಾಲವಾಯಿತು. ರಸ್ತೆಗೆ ಮಾತ್ರ ಇನ್ನೂ ಅದರದೇ ಹೆಸರು.

ಕನ್ನಡದ ವಿಷಯದಲ್ಲೂ ಅವರನ್ನು ಆಡಿಕೊಳ್ಳುವಂತಿಲ್ಲ. ಅಲ್ಲಿಯ ಕನ್ನಡ ಕೂಟದಲ್ಲಿ ಭಾನುವಾರ ಬೆಳಗ್ಗೆ ಮಕ್ಕಳಿಗೆ ಕಾಗುಣಿತ ಕಲಿಸಿದವರು. ಅವರ ಮಗಳು ಅಂಗಡಿ ಬೋರ್ಡುಗಳನ್ನು ಒತ್ತಕ್ಷರ ಸಮೇತ ಓದುತ್ತಾಳೆ. ಇಲ್ಲೇ ಹುಟ್ಟಿ ಬೆಳೆದ ನನ್ನ ಮಗ ಬಸ್ಸಿನ ಬೋರ್ಡು ಇಂಗ್ಲಿಷಿಗೆ ತಿರುಗಲಿ ಎಂದು ಕಾಯುತ್ತಾನೆ.

ಎಳನೀರಿನವನ ಮುಂದೆ ಆದದ್ದು ಬೇರೆ. ಐನೂರರ ನೋಟು ಚಾಚಿದರು. ‘ಚೇಂಜ್ ಇಲ್ಲ ಸಾ, ಸ್ಕ್ಯಾನ್ ಮಾಡಿ’ ಎಂದು ಅವನು ಮಚ್ಚಿನ ತುದಿಯಿಂದಲೇ ಗಾಡಿಗೆ ಅಂಟಿಸಿದ್ದ ಚೀಟಿ ತೋರಿಸಿದ. ಸಿಲಿಕಾನ್ ಕಣಿವೆಯಲ್ಲಿ ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಬರೆದ ಷಡ್ಡಕರ ಬಳಿ ಇಲ್ಲಿಯ ಬ್ಯಾಂಕಿಗೆ ಜೋಡಿಸಿದ ನಂಬರ್ ಇರಲಿಲ್ಲ. ಆಧಾರ್ ಮಾಡಿಸೋಣವೆಂದರೆ, ಅಮೆರಿಕದ ಪೌರತ್ವ ಪಡೆದ ಇವರಂಥ ಓಸಿಐ ಕಾರ್ಡಿನವರು ಹಿಂದಿನ ಹನ್ನೆರಡು ತಿಂಗಳಲ್ಲಿ 182 ದಿನ ಇಲ್ಲಿ ಇದ್ದಿರಬೇಕು. ಎಳನೀರಿನ ದುಡ್ಡು ನಾನು ಕೊಟ್ಟೆ. ಅವತ್ತಿನಿಂದ ಆಧಾರ್ ಕೈಸೇರುವವರೆಗೂ ನಾನೇ ಕೊಟ್ಟೆ.

ಅವರ ಸಾಮಾನಿನ ಕಂಟೇನರ್ ಬಂದ ದಿನ ಮಾತ್ರ ಮರೆಯುವಂಥದ್ದಲ್ಲ. ಸೋಫಾ, ಹಾಸಿಗೆ, ಹುಲ್ಲು ಕತ್ತರಿಸುವ ಯಂತ್ರ (ಮನೆ ಹನ್ನೊಂದನೇ ಮಹಡಿಯಲ್ಲಿ), ಅವುಗಳ ಜೊತೆಗೆ ಒಂದು ಮೈಕ್ರೊವೇವ್. ಅಮೆರಿಕದ ಕರೆಂಟು 120 ವೋಲ್ಟ್, ನಮ್ಮದು 230. ನೇರ ಚುಚ್ಚಿದರೆ ಹೊಗೆ ಗ್ಯಾರಂಟಿ. ಅದಕ್ಕೆಂದು ಎಸ್.ಪಿ. ರೋಡಿನಿಂದ ಟ್ರಾನ್ಸ್‌ಫಾರ್ಮರ್ ಒಂದನ್ನು ತಂದೆವು. ರುಬ್ಬುವ ಕಲ್ಲಿನ ತೂಕ. ಇಬ್ಬರು ಹಿಡಿದರೆ ಒಬ್ಬನ ಸೊಂಟ ಹೋಗುತ್ತದೆ, ಆ ಒಬ್ಬ ಯಾರೆಂದು ಬೇರೆ ಹೇಳಬೇಕಿಲ್ಲ. ಅದು ಅಡುಗೆಮನೆಯ ಮೂಲೆಯಲ್ಲಿ ಕೂತು ಹಗಲೂ ರಾತ್ರಿ ಗುಂಯ್‌ಗುಟ್ಟಿತು. ಹಾಲು ಬಿಸಿಯಾಯಿತು, ಷಡ್ಡಕರು ಗೆದ್ದರು. ಮಾರನೇ ದಿನ ಅತ್ತೆ ಅದರ ಗಡಿಯಾರ ನೋಡಿ ಬೆಳಗಿನ ಕಾಫಿಯನ್ನು ಮಧ್ಯಾಹ್ನಕ್ಕೆ ಕೊಟ್ಟರು. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆಯೇ ಹೊರತು ಕರೆಂಟಿನ ಆವರ್ತನಕ್ಕೆ ಕೈ ಹಚ್ಚುವುದಿಲ್ಲ. ಸೆಕೆಂಡಿಗೆ 60 ಬಡಿತ ಎಣಿಸಿ ಸಮಯ ಹೇಳುವ ಗಡಿಯಾರಕ್ಕೆ ಇಲ್ಲಿ ಸಿಗುವುದು 50. ಹೀಗಾಗಿ ಗಂಟೆಗೆ ಹತ್ತು ನಿಮಿಷ ಹಿಂದೆ. ದಿನಾ ಸರಿಮಾಡಿ ಸರಿಮಾಡಿ ಸಾಕಾಯಿತು. ಈಗ ಅದರಲ್ಲಿ ಅತ್ತೆ ಬೆಲ್ಲದ ಡಬ್ಬಿ ಇಡುತ್ತಾರೆ. ಬಾಗಿಲು ಎಷ್ಟು ಬಿಗಿ ಎಂದರೆ ಇರುವೆ ನುಸುಳುವುದಿಲ್ಲವಂತೆ.

ಇನ್ನು ಆಡಿಟರ ಬಳಿ ಹೋದದ್ದು. ನಮ್ಮ ಆದಾಯ ತೆರಿಗೆ ಕಾಯ್ದೆ ಇವರಂಥವರಿಗಾಗಿಯೇ ಒಂದು ಪಂಗಡ ಇಟ್ಟುಕೊಂಡಿದೆ. ಹಿಂದಿನ ಹತ್ತು ವರ್ಷಗಳಲ್ಲಿ ಒಂಬತ್ತು ವರ್ಷ ಅನಿವಾಸಿಯಾಗಿದ್ದು ಮರಳಿದವರು ನಿವಾಸಿಗಳು ಹೌದು, ಆದರೆ ಸಾಮಾನ್ಯ ನಿವಾಸಿಗಳಲ್ಲ. ಆ ಎರಡು ಮೂರು ವರ್ಷ ವಿದೇಶದ ಆದಾಯಕ್ಕೆ ಸಾಮಾನ್ಯವಾಗಿ ಇಲ್ಲಿ ತೆರಿಗೆ ಇಲ್ಲ. ಆಡಿಟರು ಕನ್ನಡಕ ಸರಿಮಾಡಿಕೊಂಡು, ‘ಸಾರ್, ನೀವು ರೆಸಿಡೆಂಟು, ಬಟ್ ನಾಟ್ ಆರ್ಡಿನರಿ’ ಎಂದರು. ಷಡ್ಡಕರು ಸಣ್ಣಗೆ ಎದೆಯುಬ್ಬಿಸಿದರು. ‘ಮದುವೆಯಾದಾಗಿಂದ ನಾನೂ ಅದನ್ನೇ ಹೇಳ್ತಿದೀನಿ’ ಎಂದರು ಪಕ್ಕದಲ್ಲಿದ್ದ ಅತ್ತಿಗೆ.

ಕನಕಪುರ ಕಡೆ ಎರಡೆಕರೆ ಕೊಂಡು ರಾಗಿ ಬೆಳೆಯುವ ಕನಸಿತ್ತು. ಓಸಿಐ ಕಾರ್ಡಿನವರು ಕೃಷಿ ಜಮೀನು ಕೊಳ್ಳುವಂತಿಲ್ಲ. ಓಟೂ ಇಲ್ಲ. ಚುನಾವಣೆಯ ದಿನ ಮೈಸೂರಿನ ಶಾಯಿ ಹಚ್ಚಿಸಿಕೊಂಡು ಬಂದ ಅತ್ತೆಯ ಬೆರಳನ್ನು ಹಿಡಿದು ನೋಡುತ್ತ, ಯಾರಿಗೆ ಹಾಕಬೇಕಿತ್ತು ಎಂದು ಒಂದು ಗಂಟೆ ಭಾಷಣ ಮಾಡಿದರು.

ಮೊದಲ ಆರು ತಿಂಗಳು ಅವರ ಮಾತೆಲ್ಲ ‘ಅಲ್ಲಿ ಹಾಗಲ್ಲ’ ಎಂದೇ ಶುರುವಾಗುತ್ತಿತ್ತು. ಗುಂಡಿ, ಕಸ, ಹಾರ್ನು ಎಲ್ಲದಕ್ಕೂ ಬಿಬಿಎಂಪಿಗೆ ಒಕ್ಕಣೆ ಸಮೇತ ಪತ್ರ. ಯಾವ ಕಚೇರಿಯಲ್ಲಿ ಯಾರು ಎಂದು ಅಂತೂ ತಿಳಿದುಕೊಂಡರು. ಅಷ್ಟರಲ್ಲಿ 2025ರಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳು ಬಂದವು. ಪತ್ರಗಳು ನಿಂತವು. ಆಮೇಲೆ ನೋಡನೋಡುತ್ತಿದ್ದಂತೆ ಮನುಷ್ಯ ಪಳಗಿದರು. ಆಟೊದವನು ಬಾಯಿ ತೆಗೆಯುವ ಮುಂಚೆ ‘ಒನ್ ಅಂಡ್ ಹಾಫ್ ಕೊಡ್ತೀನಿ ನಡಿಯಪ್ಪ’ ಎನ್ನುತ್ತಾರೆ. ಒನ್‌ವೇಯಲ್ಲಿ ಎದುರು ನುಗ್ಗಿ ‘ಐವತ್ತೇ ಅಡಿ ಅಲ್ವಾ’ ಎನ್ನುತ್ತಾರೆ. ಮೊನ್ನೆ ಸೌತ್ ಎಂಡ್ ಸರ್ಕಲ್ಲಿನಲ್ಲಿ ಸಿಗ್ನಲ್ಲಿಗೆ ಕಾಯುತ್ತಿದ್ದಾಗ, ಜೇಬಿನಲ್ಲಿ ಅಮೆರಿಕದ ಪಾಸ್‌ಪೋರ್ಟ್ ಇರುವ ನನ್ನ ಷಡ್ಡಕರು ಕಾರಿನ ಗಾಜಿಳಿಸಿ ನಿಟ್ಟುಸಿರುಬಿಟ್ಟರು: ‘ಈ ಹೊರಗಿನೋರು ಬಂದು ನಮ್ಮೂರು ಹಾಳ್ಮಾಡಿಬಿಟ್ರು ಕಣ್ರೀ.’ ಕಾಯ್ದೆ ಏನೇ ಹೇಳಲಿ, ಅಂದಿಗೆ ಅವರು ಸಾಮಾನ್ಯ ನಿವಾಸಿಯಾದರು.

ನಿಮ್ಮ ಮನೆಗೂ ಇಂಥವರು ಬರುವವರಿದ್ದರೆ ತಿಳಿಸಿ. ಟ್ರಾನ್ಸ್‌ಫಾರ್ಮರ್ ಮಾರುವುದಿದೆ. ಹೊರಲು ನಿಮ್ಮ ಕಡೆಯ ಚಿಕ್ಕಳಿಯನನ್ನು ನೀವೇ ಕರೆತರತಕ್ಕದ್ದು.