ಸಂತೆ: ಬಳಸುವ ವಿಧಾನ

ಸಂತೆಯನ್ನು ಮೊದಲ ಸಲ ಬಳಸುತ್ತಿರುವವರು ಈ ಕೈಪಿಡಿಯನ್ನು ಪೂರ್ತಿ ಓದಿಯೇ ಮುಂದುವರಿಯತಕ್ಕದ್ದು. ಹುಟ್ಟಿದಾಗಿನಿಂದ ಬಳಸುತ್ತಿರುವವರು ಓದಬೇಕಾಗಿಲ್ಲ. ಅವರು ಈ ಹಾಳೆಯಲ್ಲಿ ಕಡಲೆಕಾಯಿ ಕಟ್ಟಿಸಿಕೊಳ್ಳಬಹುದು. ತುಮಕೂರು, ಚಿತ್ರದುರ್ಗ ಕಡೆಯ ತಾಲ್ಲೂಕು ಕೇಂದ್ರಗಳ ವಾರದ ಸಂತೆ ಒಂದು, ಆಗಾಗ ಅಲ್ಲಿಯದೇ ಜೂನಿಯರ್ ಕಾಲೇಜು ಮೈದಾನದಲ್ಲಿ ಶಾಮಿಯಾನ ಕಟ್ಟಿ ನಡೆಸುವ ಸಿರಿಧಾನ್ಯ ಮೇಳ ಇನ್ನೊಂದು. ಈ ಎರಡು ಉಪಕರಣಗಳನ್ನು ಗಮನದಲ್ಲಿಟ್ಟುಕೊಂಡು ಇದನ್ನು ಸಿದ್ಧಪಡಿಸಲಾಗಿದೆ. ಕರಾವಳಿ, ಮಲೆನಾಡಿನ ಮಾದರಿಗಳಲ್ಲಿ ಗುಂಡಿಗಳು ಬೇರೆ ಬೇರೆ ಜಾಗದಲ್ಲಿರುತ್ತವೆ.

ಚಾಲೂ ಮಾಡುವ ಮುನ್ನ

ವಾರ ಯಾವುದೆಂದು ತಿಳಿದುಕೊಳ್ಳಿ. ಸಂತೆ ವಾರಕ್ಕೊಂದೇ ದಿನ ಓಡುವ ಯಂತ್ರ. ಉಳಿದ ಆರು ದಿನ ಅಲ್ಲಿ ಕಟ್ಟೆಗಳಿರುತ್ತವೆ, ಕಟ್ಟೆಯ ಮೇಲೆ ನಾಯಿಗಳಿರುತ್ತವೆ. ಕೊಡಗಿನವರು ಈ ವಿಷಯದಲ್ಲಿ ಪುಣ್ಯವಂತರು, ಶನಿವಾರಸಂತೆ ಎಂದು ಊರಿಗೇ ಹೆಸರಿಟ್ಟು ಪ್ರಯಾಣಿಕರ ಶ್ರಮ ತಪ್ಪಿಸಿದ್ದಾರೆ. ಸಂತೇಬೆನ್ನೂರು, ಸಂತೆಮರಹಳ್ಳಿ, ಸಂತೆಶಿವರದವರು ಅರ್ಧ ಮಾತ್ರ ಹೇಳಿ ವಾರವನ್ನು ನಿಮ್ಮ ಊಹೆಗೆ ಬಿಟ್ಟಿದ್ದಾರೆ. ಫೋನಿನ ನಕ್ಷೆ ‘ಈಗ ತೆರೆದಿದೆ’ ಎಂದರೆ ನಂಬಬೇಡಿ, ಬಸ್ ಕಂಡಕ್ಟರನ್ನು ಕೇಳಿ. ಅವರಿಗೆ ಲಗೇಜು ಟಿಕೆಟ್ಟಿಗಾಗಿ ಜಗಳವಾಡಿ ಆಡಿ ತಾಲ್ಲೂಕಿನ ಎಲ್ಲ ಸಂತೆಗಳ ವಾರ ಬಾಯಿಪಾಠವಾಗಿರುತ್ತದೆ.

ಜೊತೆಗೆ ಇರಬೇಕಾದ್ದು: ಚೀಲ. ‘ಭೂಮಿತಾಯಿಯನ್ನು ಉಳಿಸಿ’ ಎಂದು ಬರೆದ ಬಿಳಿ ಬಟ್ಟೆಯ ಚೀಲ ತರಬಾರದೆಂದೇನೂ ಇಲ್ಲ. ಮಣ್ಣು ಮೆತ್ತಿದ ಗೆಣಸನ್ನು ಅದರೊಳಗೆ ಸುರಿದಾಗ ಸಂಕಟಪಡಬಾರದು. ಚಿಲ್ಲರೆಯೂ ಇರಲಿ. ಈಗ ಸೊಪ್ಪು ಮಾರುವ ಅಜ್ಜಿಯ ಬುಟ್ಟಿಯ ಅಂಚಿನಲ್ಲೂ ಸ್ಕ್ಯಾನ್ ಮಾಡುವ ಚೀಟಿ ಇರುತ್ತದೆ ನಿಜ. ಆದರೆ ದುಡ್ಡು ಬೀಳುವುದು ಮೊಮ್ಮಗನ ಖಾತೆಗೆ, ಆ ಮೊಮ್ಮಗ ಬಂದ ದುಡ್ಡನ್ನು ಅಜ್ಜಿಗೆ ಕೊಡುತ್ತಾನೋ ಇಲ್ಲವೋ ಎಂಬುದು ಅವರ ಮನೆಯಲ್ಲಿ ಇನ್ನೂ ಇತ್ಯರ್ಥವಾಗದ ವ್ಯಾಜ್ಯ. ಹತ್ತರ ನೋಟು ಕೊಟ್ಟರೆ ನೀವು ಆ ವ್ಯಾಜ್ಯದಲ್ಲಿ ಕಕ್ಷಿದಾರರಾಗುವುದು ತಪ್ಪುತ್ತದೆ.

ಬೆಲೆ ಕೆಲಸ ಮಾಡುವ ಬಗೆ

ಸಂತೆಯಲ್ಲಿ ಬೆಲೆಯನ್ನು ನಿರ್ಧರಿಸುವುದು ಬೇಡಿಕೆಯೂ ಅಲ್ಲ, ಪೂರೈಕೆಯೂ ಅಲ್ಲ, ಕಡೆಯ ಬಸ್ಸು. ಸೊಪ್ಪು, ಟೊಮೆಟೊ, ಕೊತ್ತಂಬರಿ ಹೊತ್ತು ತಂದವರು ಅದನ್ನು ವಾಪಸು ಹೊತ್ತುಕೊಂಡು ಹೋಗುವಂತಿಲ್ಲ. ಹೊತ್ತು ಇಳಿದಂತೆ ಕಟ್ಟಿನ ಬೆಲೆ ಇಳಿಯುತ್ತದೆ, ಬಸ್ಸಿನ ಹಾರನ್ನು ಕೇಳಿಸಿದಾಗ ನಾಲ್ಕು ಕಟ್ಟು ಒಂದು ಕಟ್ಟಿನ ಬೆಲೆಗೆ ಬರುತ್ತದೆ. ರಾಗಿ, ಹುರುಳಿ, ಒಣಮೆಣಸಿನಕಾಯಿ ಮಾರುವವರನ್ನು ಮಾತ್ರ ಈ ಹಾರನ್ನಿನಿಂದ ಹೆದರಿಸಲು ಆಗುವುದಿಲ್ಲ. ಅವರು ಮೂಟೆಯ ಬಾಯಿ ಕಟ್ಟಿ ಮುಂದಿನ ವಾರ ಬರುತ್ತಾರೆ. ಬೆಳಗ್ಗೆ ಬೇಗ ಹೋಗುವವರು ಬೋಣಿಯ ಹೊತ್ತಿನಲ್ಲಿ ಚೌಕಾಸಿ ಮಾಡಿ ಕೊಳ್ಳದೆ ಎದ್ದು ಬರಬೇಡಿ. ಆ ದಿನ ಮಳೆ ಬಂದರೂ ಬಿಸಿಲು ಬಂದರೂ ಹೊಣೆ ನಿಮ್ಮದೇ ಆಗುತ್ತದೆ.

ಅಳತೆಯ ಬಗ್ಗೆ ಒಂದು ಮಾತು. ನಮ್ಮ ದೇಶ ಸೇರನ್ನು ಬಿಟ್ಟು ಕಿಲೋ ಹಿಡಿಯಬೇಕೆಂದು ಕಾಯ್ದೆ ಮಾಡಿದ್ದು 1956ರಲ್ಲಿ. ಸುದ್ದಿ ಸಂತೆಗೂ ತಲುಪಿದೆ, ಎಲೆಕ್ಟ್ರಾನಿಕ್ ತಕ್ಕಡಿ ಬಂದಿದೆ. ಆದರೂ ಅವರೆಕಾಳು, ಮಂಡಕ್ಕಿ ಸೇರಿನಲ್ಲೇ ಇವೆ, ಬದನೆಕಾಯಿ ಗುಡ್ಡೆಯಲ್ಲಿದೆ, ಸೊಪ್ಪು ಕಟ್ಟಿನಲ್ಲಿದೆ. ಸೇರಿನ ಮೇಲೆ ಕಾಳು ಗೋಪುರವಾಗಿ ನಿಲ್ಲಬೇಕು. ಅಂಗೈಯಿಂದ ಸವರಿ ಮಟ್ಟ ಮಾಡಿದರೆ ಆಕ್ಷೇಪಿಸುವ ಹಕ್ಕು ನಿಮಗಿದೆ. ಎಲ್ಲ ಮುಗಿದ ಮೇಲೆ ಕೊಸರು ಕೇಳಿ. ಕೊಸರು ಎಂಬುದು ರಿಯಾಯಿತಿಯಲ್ಲ, ವ್ಯಾಪಾರ ಮುಗಿಯಿತೆಂಬುದಕ್ಕೆ ಬೀಳುವ ಮೊಹರು. ಎರಡು ಹಸಿಮೆಣಸಿನಕಾಯಿಯೋ ಒಂದು ಎಸಳು ಕರಿಬೇವೋ ಚೀಲಕ್ಕೆ ಬೀಳದಿದ್ದರೆ ಯಂತ್ರ ಇನ್ನೂ ಬಂದ್ ಆಗಿಲ್ಲ ಎಂದು ತಿಳಿಯಿರಿ.

ರೈತರನ್ನು ಗುರುತಿಸುವುದು

ನಗರದಿಂದ ಬಂದವರ ಮುಖ್ಯ ಬೇಡಿಕೆ ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಸಂತೆಯಲ್ಲಿ ಕೂತವರೆಲ್ಲ ಬೆಳೆದವರಲ್ಲ. ಕ್ಯಾರೆಟ್ಟು, ಬೀಟ್‌ರೂಟು, ದಪ್ಪ ಮೆಣಸಿನಕಾಯಿ, ಹೂಕೋಸು ಎಲ್ಲವನ್ನೂ ಸಾಲಾಗಿ ಜೋಡಿಸಿ ನೀರು ಚಿಮುಕಿಸುತ್ತಿರುವವರು ನಸುಕಿನಲ್ಲಿ ಮಂಡಿಯಿಂದ ಮೂಟೆ ಎತ್ತಿ ತಂದ ವ್ಯಾಪಾರಿ. ಎರಡೇ ಬಗೆ ತಂದು, ಅದರಲ್ಲೂ ಒಂದು ಸೊಟ್ಟಗಿದ್ದರೆ, ಅವರು ಬೆಳೆದವರಾಗಿರುವ ಸಂಭವ ಹೆಚ್ಚು. ಖಚಿತವಾಗಬೇಕಾದರೆ ‘ಯಾವಾಗ ಕಿತ್ತಿದ್ದು?’ ಎಂದು ಕೇಳಿ. ‘ಈಗ್ಲೇ ಸಾರ್, ಫ್ರೆಶ್ಶು’ ಎಂಬ ಮೂರು ಪದದ ಉತ್ತರ ಬಂದರೆ ವ್ಯಾಪಾರಿ. ಮಳೆ ತಡವಾದದ್ದು, ಕೋತಿ ಬಂದದ್ದು, ತ್ರೀ ಫೇಸ್ ಕರೆಂಟನ್ನು ರಾತ್ರಿ ಹೊತ್ತು ಕೊಡುವುದು, ಔಷಧಿ ಅಂಗಡಿಯವನು ಕೊಟ್ಟ ಸಾಲದ ಚೀಟಿ, ಇಷ್ಟೆಲ್ಲ ಬಂದು ಕೊನೆಗೂ ಕಿತ್ತದ್ದು ಯಾವಾಗ ಎಂಬುದು ಮಾತ್ರ ಬಾರದಿದ್ದರೆ ರೈತ.

ವ್ಯಾಪಾರಿಯನ್ನು ಖಳನಾಯಕ ಎಂದು ತಿಳಿಯಬೇಕಾದ್ದಿಲ್ಲ. ಅವರೂ ಸಂತೆ ಸುಂಕ ಕಟ್ಟಿ ಬಿಸಿಲಲ್ಲಿ ಕೂತವರೇ. ಸುಂಕ ಎತ್ತುವ ಗುತ್ತಿಗೆಯನ್ನು ಪಂಚಾಯಿತಿ ಹರಾಜಿನಲ್ಲಿ ಕೂಗಿ ಕೊಟ್ಟಿರುತ್ತದೆ. ರಸೀದಿ ಪುಸ್ತಕ ಹಿಡಿದು ಬರುವ ಹುಡುಗನಿಗೆ ಬೆಳೆದವರು, ಕೊಂಡುತಂದವರು ಎಂಬ ಭೇದವಿಲ್ಲ.

ಫೋಟೊ ತೆಗೆಯುವವರು ಮೊದಲು ಏನಾದರೂ ಕೊಳ್ಳಿ. ಇದು ನಿಯಮವೇನಲ್ಲ. ಕೊಳ್ಳದೆ ತೆಗೆದರೆ ಅಜ್ಜಿ ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಾರೆ, ನಿಮಗೆ ಸಿಗುವುದು ಸೆರಗು.

ಸರ್ಟಿಫಿಕೇಟು ಕೇಳುವ ಗ್ರಾಹಕರಿಗೆ

‘ಇದು ಆರ್ಗ್ಯಾನಿಕ್ಕಾ? ಸರ್ಟಿಫಿಕೇಟ್ ಇದೆಯಾ?’ ಎಂದು ಸೊಪ್ಪಿನ ಬುಟ್ಟಿಯ ಮುಂದೆ ಕೇಳುವ ವಾಡಿಕೆ ಹೆಚ್ಚುತ್ತಿದೆ. ಕೇಳುವವರ ಗಮನಕ್ಕೆ: ಆಹಾರ ಸುರಕ್ಷತಾ ಪ್ರಾಧಿಕಾರದ 2017ರ ನಿಯಮಗಳ ಪ್ರಕಾರ, ವರ್ಷದ ವಹಿವಾಟು 12 ಲಕ್ಷ ರೂಪಾಯಿ ಮೀರದ ಸಣ್ಣ ಬೆಳೆಗಾರರು ತಿನ್ನುವವರಿಗೇ ನೇರವಾಗಿ ಮಾರಿದರೆ ಸಾವಯವ ಪ್ರಮಾಣಪತ್ರ ಬೇಕಿಲ್ಲ. ಎರಡು ಬುಟ್ಟಿ ಸೊಪ್ಪಿನಲ್ಲಿ 12 ಲಕ್ಷ ದಾಟುವುದು ಹೇಗೆಂದು ಅಜ್ಜಿಗೆ ಹೇಳಿಕೊಟ್ಟರೆ ಅವರು ಪ್ರಮಾಣಪತ್ರ ಮಾಡಿಸಿಕೊಂಡಾರು.

ಕಾಗದವೇ ಬೇಕೆನ್ನುವವರು ಇಲ್ಲಿಂದ ಮುಂದಿನ ವಿಭಾಗಕ್ಕೆ ಹೋಗಬಹುದು. ಉಳಿದವರು ಆ ಬುಟ್ಟಿಯನ್ನೊಮ್ಮೆ ಬಗ್ಗಿ ನೋಡಿ. ಅದರಲ್ಲಿರುವುದು ಬೆರಕೆ ಸೊಪ್ಪು: ಅಣ್ಣೆಸೊಪ್ಪು, ಗಣಿಕೆ, ಹೊನಗೊನೆ, ಗೋಣಿಸೊಪ್ಪು, ಕನ್ನೆಸೊಪ್ಪು, ಒಂದಿಷ್ಟು ಕಿರಕಸಾಲೆ. ಇವನ್ನು ಯಾರೂ ಬಿತ್ತಿದ್ದಲ್ಲ. ಮಳೆ ಬಿದ್ದ ಮೇಲೆ ರಾಗಿ ಹೊಲದ ಸಾಲುಗಳ ನಡುವೆ, ಬದುವಿನ ಮೇಲೆ, ತೋಟದ ಕಾಲುವೆಯ ಪಕ್ಕ ತಾವಾಗಿ ಹುಟ್ಟಿದವು. ಕೃಷಿ ಇಲಾಖೆಯ ಪುಸ್ತಕದಲ್ಲಿ ಇವುಗಳ ಹೆಸರು ಕಳೆಗಳ ಪಟ್ಟಿಯಲ್ಲಿದೆ. ಕಳೆನಾಶಕ ಹೊಡೆದ ಹೊಲದಲ್ಲಿ ಇವುಗಳಲ್ಲಿ ಬಹಳಷ್ಟು ಉಳಿಯುವುದಿಲ್ಲ. ಅಂದಮೇಲೆ ಹತ್ತಾರು ಬಗೆಯ ಬೆರಕೆ ಸೊಪ್ಪು ತುಂಬಿದ ಬುಟ್ಟಿ ಒಂದು ಊರಿನಿಂದ ಬಂದಿದೆ ಎಂದರೆ, ಆ ಊರಿನ ಒಂದಷ್ಟು ಬದುಗಳಿಗೆ ಈ ಮಳೆಗಾಲದಲ್ಲಿ ಕ್ಯಾನು ಹಿಡಿದವರು ಹೋಗಿಲ್ಲ ಎಂದಾಯಿತು. ಇದಕ್ಕಿಂತ ಗಟ್ಟಿಯಾದ ತಪಾಸಣಾ ವರದಿ ನನಗೆ ಗೊತ್ತಿಲ್ಲ. ಅದಕ್ಕೆ ಶುಲ್ಕವೂ ಇಲ್ಲ, ಹತ್ತು ರೂಪಾಯಿಗೆ ಒಂದು ಹಿಡಿ ವರದಿ ಕೊಡುತ್ತಾರೆ. ವರ್ಷ ವರ್ಷ ಬುಟ್ಟಿಯೊಳಗಿನ ಬಗೆಗಳು ಕಡಿಮೆಯಾಗುತ್ತಿವೆಯೇ ಎಂದು ಲೆಕ್ಕ ಇಡುವ ಇಲಾಖೆಯೊಂದಿದ್ದರೆ ಚೆನ್ನಾಗಿತ್ತು.

ಕೊಂಡ ಮೇಲೆ ಮಾಡುವುದು ಹೇಗೆಂದು ಕೊಟ್ಟವರನ್ನೇ ಕೇಳಿ. ಸಂತೆಯಲ್ಲಿ ಪಾಕವಿಧಾನ ಉಚಿತ, ಯಾರೂ ಕೇಳುವುದಿಲ್ಲ ಅಷ್ಟೆ. ಸೊಪ್ಪನ್ನು ತೊಗರಿಬೇಳೆಯ ಜೊತೆಗೋ ಅಲಸಂದೆ ಕಾಳಿನ ಜೊತೆಗೋ ಬೇಯಿಸಿ, ನೀರು ಬಸಿದುಕೊಂಡು, ಆ ನೀರಿಗೆ ಕಾಯಿ, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆಹಣ್ಣನ್ನು ಒಂದು ಹಿಡಿ ಬೆಂದ ಸೊಪ್ಪಿನೊಂದಿಗೆ ರುಬ್ಬಿ ಹಾಕಿದರೆ ಬಸ್ಸಾರು. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಮುದ್ದೆ ಮಾಡಲು ಬಾರದವರು ಅನ್ನಕ್ಕೆ ಹಾಕಿಕೊಳ್ಳಬಹುದು. ಸಂತೆಯವರಿಗೆ ತಿಳಿಸುವುದು ಬೇಡ.

ಎರಡನೆಯ ಉಪಕರಣ: ಸಿರಿಧಾನ್ಯ ಮೇಳ

ಮೇಳ ಹತ್ತು ಗಂಟೆಗೆ ಎಂದರೆ ಹನ್ನೆರಡಕ್ಕೆ ಹೋಗಿ, ಶಾಸಕರು ಬರುವ ಹೊತ್ತಿಗೆ ಸರಿಹೋಗುತ್ತದೆ. ಭಾಷಣಗಳನ್ನು ಕೇಳುವುದು ಕಡ್ಡಾಯವಲ್ಲವಾದರೂ ಸಾರಾಂಶ ಇಷ್ಟು: ನಮ್ಮ ಹಿರಿಯರು ನವಣೆ, ಸಾಮೆ ಉಂಡು ನೂರು ವರ್ಷ ಬಾಳಿದರು, ಕೇಂದ್ರ ಸರ್ಕಾರ 2018ರಲ್ಲಿ ಇವುಗಳಿಗೆ ಪೌಷ್ಟಿಕ ಧಾನ್ಯಗಳೆಂಬ ಪಟ್ಟ ಕಟ್ಟಿತು, ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದಿತು, ನಮ್ಮ ಸರ್ಕಾರ ರೈತ ಸಿರಿ ಯೋಜನೆಯಲ್ಲಿ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಕೊಟ್ಟಿತು. ಎಲ್ಲವೂ ನಿಜ, ಮೊದಲನೆಯದೊಂದನ್ನು ಬಿಟ್ಟು. ನೂರು ವರ್ಷ ಬಾಳಿದ ಹಿರಿಯರು ಇದ್ದರು, ಆದರೆ ಅವರ ಜೊತೆ ಅದೇ ನವಣೆ ಉಂಡವರಲ್ಲಿ ಬಹಳ ಮಂದಿ ಅಷ್ಟು ದಿನ ಇರಲಿಲ್ಲ.

ಮಳಿಗೆಗಳ ಮುಂದೆ ನಿಂತಾಗ ನವಣೆ, ಸಾಮೆ, ಹಾರಕ, ಊದಲು, ಕೊರಲೆ ಎಂದು ಐದು ಹೆಸರನ್ನೂ ತಡವರಿಸದೆ ಹೇಳಲು ಅಭ್ಯಾಸ ಮಾಡಿಕೊಂಡು ಬನ್ನಿ. ಮೈಸೂರಿನ ಡಾ. ಖಾದರ್ ಅವರ ಭಾಷಣಗಳಿಂದ ಇವು ಮನೆಮಾತಾಗಿವೆ, 2023ರಲ್ಲಿ ಅವರಿಗೆ ಪದ್ಮಶ್ರೀಯೂ ಬಂತು. ಐದರಲ್ಲಿ ಕೊರಲೆ ಈ ಸೀಮೆಯದೇ ಬೆಳೆ; ಮಧುಗಿರಿ, ಪಾವಗಡದ ಕಡೆ ಹುಣಸೆಮರದ ನೆರಳಲ್ಲೂ ಬರುತ್ತದೆ. ‘ಹನ್ನೊಂದು ಕಾಯಿಲೆಗೆ ಒಂದೇ ಮದ್ದು’ ಎಂದು ಬ್ಯಾನರಿದ್ದರೆ ಓದಿ, ಮನೆಗೆ ಬಂದು ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಎಂದಿನಂತೆ ನುಂಗಿ. ಪಾಲಿಶ್ ಅಕ್ಕಿಗಿಂತ ಸಿರಿಧಾನ್ಯದಲ್ಲಿ ನಾರು ಹೆಚ್ಚು, ಒಳ್ಳೆಯದೇ. ಹಾಗೆಂದು ಎರಡು ತಟ್ಟೆ ಉಂಡರೆ ಅದು ಎರಡು ತಟ್ಟೆಯೇ.

ಬೆಲೆ ನೋಡಿ ಬೆಚ್ಚಿಬೀಳುವವರಿಗೆ ಕಾರಣ ತಿಳಿದಿರಲಿ. ರಾಗಿ, ಜೋಳ, ಸಜ್ಜೆಗೆ ಗಟ್ಟಿ ಹೊಟ್ಟಿಲ್ಲ, ಹಾಗೇ ಗಿರಣಿಗೆ ಹಾಕಬಹುದು. ಈ ಐದಕ್ಕೂ ಮೇಲೊಂದು ಗಟ್ಟಿ ಸಿಪ್ಪೆಯಿದೆ. ಹಿಂದೆ ಬೀಸುವ ಕಲ್ಲು, ಒನಕೆ ಹಿಡಿದ ಹೆಂಗಸರ ರಟ್ಟೆ ಅದನ್ನು ತೆಗೆಯುತ್ತಿತ್ತು. ಈ ಧಾನ್ಯಗಳು ನಮ್ಮ ತಟ್ಟೆ ಬಿಟ್ಟುಹೋದದ್ದಕ್ಕೆ ಪಡಿತರದ ಅಕ್ಕಿ ಎಷ್ಟು ಕಾರಣವೋ ಆ ರಟ್ಟೆನೋವೂ ಅಷ್ಟೇ ಕಾರಣ. ಈ ಮಾತನ್ನು ಯಾವ ವೇದಿಕೆಯಲ್ಲೂ ಹೇಳುವುದಿಲ್ಲ, ವೇದಿಕೆಯ ಮೇಲೆ ಕೂತವರಲ್ಲಿ ಒನಕೆ ಹಿಡಿದವರು ಕಡಿಮೆ. ಈಗ ಯಂತ್ರ ಬಂದಿದೆ, ಆದರೆ ಎಲ್ಲ ಊರಿನಲ್ಲೂ ಇಲ್ಲ. ಮೂಟೆ ದೂರ ಹೋಗಿ ಬರಬೇಕು, ಒಂದು ಮೂಟೆ ಹಾಕಿದರೆ ಒಂದು ಮೂಟೆ ಅಕ್ಕಿ ಬರುವುದಿಲ್ಲ. ಬಂದದ್ದು ಬೆಳ್ಳಗೆ ಹೊಳೆಯುತ್ತಿದ್ದರೆ ಹೊಟ್ಟಿನ ಜೊತೆ ತವುಡೂ ಹೋಗಿದೆ, ಅದಕ್ಕೆ ಅಷ್ಟು ದುಡ್ಡು ಕೊಡಬೇಡಿ.

ಮೇಳದಲ್ಲಿ ಬೇರೆ ಮಾದರಿಗಳೂ ಇವೆ. ಹಲಸಿನ ಮೇಳಕ್ಕೆ ಹೋದರೆ ಕೆಂಪು ತೊಳೆಯದ್ದೆಲ್ಲ ‘ಸಿದ್ದು’ ಎಂದೇ ಮಾರಾಟವಾಗುತ್ತದೆ. ಗುಬ್ಬಿ ತಾಲ್ಲೂಕು ಚೇಳೂರಿನ ಆ ತಳಿಯನ್ನು ಗುರುತಿಸಿದ ಸಂಶೋಧನಾ ಕೇಂದ್ರ ಹಿರೇಹಳ್ಳಿಯಲ್ಲಿದೆ. ಸಸಿ ಬೇಕಾದವರು ಅಲ್ಲಿಂದಲೇ ವಿಚಾರಿಸುವುದು ಕ್ಷೇಮ. ಜೋಯಿಡಾದಲ್ಲಿ ಕುಣಬಿಯರ ಗೆಡ್ಡೆ ಗೆಣಸು ಮೇಳವಿದೆ. ಅಲ್ಲಿ ಗೆಡ್ಡೆಯ ಹೆಸರು ಕೇಳದೆ ಬೇಯಿಸಿದರೆ ಬಾಯಿ ತುರಿಸೀತು.

ಸಿರಿಧಾನ್ಯ ಮೇಳಕ್ಕೆ ಮರಳಿದರೆ, ‘ಸಿರಿಧಾನ್ಯ ಮತ್ತು ಮರೆತುಹೋದ ಖಾದ್ಯಗಳ ಪಾಕ ಸ್ಪರ್ಧೆ’ಯನ್ನು ತಪ್ಪಿಸಬೇಡಿ. ಕೃಷಿ ಇಲಾಖೆ ನಡೆಸುವುದು. ಸಾಮೆ ಪಾಯಸ, ನವಣೆ ಹುಗ್ಗಿ, ಹುರುಳಿ ಕಟ್ಟಿನ ಸಾರು ಹಿಡಿದು ಹೆಂಗಸರು ಸಾಲಾಗಿ ನಿಂತಿರುತ್ತಾರೆ. ಅವರಲ್ಲಿ ಯಾರೂ ಅವನ್ನು ಮರೆತಿಲ್ಲ, ಮೊನ್ನೆ ಅಮಾವಾಸ್ಯೆಗೂ ಮಾಡಿದ್ದಾರೆ. ಮರೆತವರು ಚಮಚ ಹಿಡಿದು ಅಂಕ ಹಾಕುತ್ತಿರುತ್ತಾರೆ. ಮೊದಲ ಬಹುಮಾನ ಬಹುಶಃ ನವಣೆ ಕೇಕಿಗೆ ಹೋಗುತ್ತದೆ. ಹೊರಗೆ ಬಂದರೆ ಗೇಟಿನ ಬಳಿ ಮೆಣಸಿನಕಾಯಿ ಬಜ್ಜಿಯ ಗಾಡಿ ಇರುತ್ತದೆ. ಅಲ್ಲಿ ಇಲಾಖೆಯವರು, ತೀರ್ಪುಗಾರರು, ಭಾಷಣಕಾರರು ಎಲ್ಲ ಒಟ್ಟಿಗೆ ಸಿಗುತ್ತಾರೆ. ಏನಾದರೂ ಕೇಳುವುದಿದ್ದರೆ ಅಲ್ಲೇ ಕೇಳಿ, ಬಾಯಿ ತುಂಬಿದ್ದಾಗ ಜನ ನಿಜ ಹೇಳುತ್ತಾರೆ.

ಗ್ರಾಹಕ ಸೇವೆ

ಮೇಳದಲ್ಲಿ ಕೊಂಡ ಪೊಟ್ಟಣಕ್ಕೆ ಅದರ ಮೇಲಿರುವ ನಂಬರಿಗೆ ಫೋನು ಮಾಡಿ, ಗಂಟೆ ಹೊಡೆಯುತ್ತದೆ. ಸಂತೆಯಲ್ಲಿ ಕೊಂಡದ್ದಕ್ಕೆ ಫೋನು ಬೇಡ. ಮಾರಿದವರು ಮುಂದಿನ ವಾರ ಅದೇ ಜಾಗದಲ್ಲಿ, ಅದೇ ಗೋಣಿತಾಟಿನ ಮೇಲೆ ಕೂತಿರುತ್ತಾರೆ. ಹೋಗಿ ದೂರು ಹೇಳಬಹುದು. ಮಾದರಿ ಸಂಭಾಷಣೆ:

‘ಅಜ್ಜಿ, ಹೋದ ವಾರ ಕೊಟ್ಟ ಸೊಪ್ಪು ಸರಿಯಿರಲಿಲ್ಲ. ನಾಲಿಗೆಗೆ ಇಡೋಕಾಗಲಿಲ್ಲ, ಹೊಟ್ಟೇನೂ ಕೆಟ್ಟಿತು.’

‘ಯಂಗ್ ಮಾಡ್ದೆ?’

‘ಮಾಡಲಿಲ್ಲ ಅಜ್ಜಿ. ಹಸಿಯದನ್ನೇ ಮಿಕ್ಸಿಗೆ ಹಾಕಿ, ಬೆಳಗ್ಗೆ ಖಾಲಿ ಹೊಟ್ಟೇಲಿ ಕುಡಿದೆ. ಆರೋಗ್ಯಕ್ಕೆ ಒಳ್ಳೇದು ಅಂತ.’

‘ಅಯ್ಯೋ ಶಿವನೇ! ದನಾನೂ ಮೆಲುಕು ಹಾಕಿ ನುಂಗ್ತೈತೆ ಕಣಪ್ಪಾ, ನೀನು ಕುಡುದ್ಬುಟ್ಯಾ?’