‘ಹುಲಿ ಬೇಡ, ಮನೆ ಹೆಸರೇ ಸಾಕು’

ಕೊಡವ ಕುಟುಂಬಗಳ ಹಾಕಿ ಹಬ್ಬ 2023ರಲ್ಲೂ 2024ರಲ್ಲೂ ಕೊಡಗಿನ ನಾಪೋಕ್ಲುವಿನಲ್ಲೇ ನಡೆಯಿತು. ಎರಡನೇ ವರ್ಷ ಆಡಿದ್ದು 360 ತಂಡ. ಅಷ್ಟೂ ಹೆಸರು ಕೂಗಿ ಗಂಟಲು ಕಟ್ಟಿಸಿಕೊಂಡ ಮೈದಾನದ ಮೈಕು ಮಾತಿಗೆ ಸಿಕ್ಕಿತು.

ಪ್ರಶ್ನೆ: ನಿಮ್ಮಲ್ಲಿ ತಂಡಕ್ಕೆ ಹೆಸರಿಡುವುದು ಯಾರು?

ಮೈಕು: ಯಾರೂ ಇಡುವುದಿಲ್ಲ. ಹುಟ್ಟುವಾಗಲೇ ಬಂದಿರುತ್ತದೆ. ಕುಲ್ಲೇಟಿರ, ಚೇಂದಂಡ, ನೆಲ್ಲಮಕ್ಕಡ... ಮನೆ ಹೆಸರೇ ತಂಡದ ಹೆಸರು. ಒಂದೇ ಹೆಸರಿನ ಎರಡು ಒಕ್ಕ, ಅಂದರೆ ಮನೆತನ, ಇದ್ದರೆ ಊರು ಸೇರಿಸುತ್ತೇವೆ: ಕುಪ್ಪಂಡ, ಕಂಸದಲ್ಲಿ ಕೈಕೇರಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಈ ಹಬ್ಬ ಶುರುಮಾಡಿದಾಗ 60 ಒಕ್ಕ ಇದ್ದವು. ಆಗ ನನ್ನ ಜಾತಿಯವರಿಗೆ ಸುಖವಿತ್ತು.

ಪ್ರಶ್ನೆ: ಅಮೆರಿಕದ ಸಣ್ಣ ಊರುಗಳ ಬೇಸ್‌ಬಾಲ್ ತಂಡಗಳು ಹೆಸರಿಗಾಗಿ ಜನರ ನಡುವೆ ಸ್ಪರ್ಧೆಯನ್ನೇ ಇಡುತ್ತವಂತೆ?

ಮೈಕು: ಗೊತ್ತು. ಮಾಂಟ್‌ಗೋಮರಿಯವರು ‘ಬಿಸ್ಕಿಟ್ಸ್’. ಆಲ್ಬುಕರ್ಕಿಯವರು ‘ಸಿಂಪ್ಸನ್ಸ್’ ಕಾರ್ಟೂನಿನ ತಂಡದ ಹೆಸರನ್ನೇ ಎತ್ತಿಕೊಂಡು ‘ಐಸೊಟೋಪ್ಸ್’ ಆದರು. ಹೆಸರು ವಿಚಿತ್ರವಾದಷ್ಟೂ ಟೋಪಿ, ಟೀಶರ್ಟಿನ ವ್ಯಾಪಾರ ಜೋರು. ಆಮೇಲೆ ಹೆಸರಿಗೊಂದು ವೇಷ, ವೇಷದೊಳಗೆ ಬೆವರುವ ಒಬ್ಬ ಹುಡುಗ.

ಪ್ರಶ್ನೆ: ಅಷ್ಟು ದೂರ ಯಾಕೆ, ಬೆಂಗಳೂರಿನಲ್ಲೇ...

ಮೈಕು: 2008ರಲ್ಲಿ ಕ್ರಿಕೆಟ್ ತಂಡದ ಹೆಸರು ವಿಸ್ಕಿ ಬ್ರ್ಯಾಂಡಿನಿಂದ ‘ರಾಯಲ್ ಚಾಲೆಂಜರ್ಸ್’ ಆಯಿತಲ್ಲ! ಕಪ್ ಬರದೆ ಹದಿನೇಳು ವರ್ಷ ಜನ ಯಾರನ್ನು ಬೈಯಬೇಕೋ ತಿಳಿಯದೆ ಒದ್ದಾಡಿದರು. ಇಲ್ಲಿ ಆ ತೊಂದರೆಯಿಲ್ಲ. ಸೋತರೆ ಮುಂದಿನ ಮದುವೆ ಊಟದಲ್ಲೇ ವಿಚಾರಣೆ.

ಪ್ರಶ್ನೆ: ಆದರೂ ಒಂದು ಪ್ರಾಣಿ ಲಾಂಛನ ಇದ್ದರೆ ಮಕ್ಕಳಿಗೆ ಖುಷಿಯಲ್ಲವೇ?

ಮೈಕು: 360 ತಂಡಕ್ಕೆ 360 ಪ್ರಾಣಿ! ಕೊಡಗಿನ ಕಾಡು ಸಾಲದೆ ಕಡ ತರಬೇಕು. ಆನೆ ಇಡೋಣವೆಂದರೆ ತೋಟದವರು ದೊಣ್ಣೆ ಹಿಡಿದು ಬರುತ್ತಾರೆ. ಕರೆಯದೆ ಬರುವುದಕ್ಕೆ ಮೈದಾನದಲ್ಲೂ ಜಾಗ ಕೊಡಬೇಕೇ? ಅಲ್ಲದೆ ಅಜ್ಜ, ಸೊಸೆ, ಮೊಮ್ಮಗ ಒಂದೇ ತಂಡದಲ್ಲಿ ಓಡುವಾಗ ಬೇರೆ ವೇಷ ಯಾಕೆ?

ಪ್ರಶ್ನೆ: ಈ ಪದ್ಧತಿಯಲ್ಲಿ ಕೊರತೆಯೇ ಇಲ್ಲವೇ?

ಮೈಕು: ಇದೆ. ಬಿಸ್ಕಿಟ್ಸ್ ತಂಡಕ್ಕೆ ಯಾವ ಊರಿನ ಹುಡುಗನೂ ಸೇರಬಹುದು. ಇಲ್ಲಿ ಎಷ್ಟೇ ಚೆನ್ನಾಗಿ ಆಡಿದರೂ ಮನೆ ಹೆಸರು ಬೇಕು. ಹಬ್ಬದ ಹೆಸರೂ ವರ್ಷವರ್ಷ ಆತಿಥೇಯ ಒಕ್ಕದ್ದು: 2023ರಲ್ಲಿ ಅಪ್ಪಚೆಟ್ಟೋಳಂಡ, 2024ರಲ್ಲಿ ಕುಂಡ್ಯೋಳಂಡ. ನಾಲಿಗೆ ಹೊರಳದ ಪ್ರಾಯೋಜಕ ಕಂಪನಿಗಳಿಗೆ ಕಷ್ಟ.

ಪ್ರಶ್ನೆ: ಓದುಗರಿಗೆ ಏನು ಹೇಳುತ್ತೀರಿ?

ಮೈಕು: ಯಾವ ತಂಡಕ್ಕೆ ಚಪ್ಪಾಳೆ ತಟ್ಟಬೇಕೆಂದು ತಿಳಿಯದಿದ್ದರೆ ಪಕ್ಕದಲ್ಲಿ ಕೂತವರ ಮನೆ ಹೆಸರು ಕೇಳಿ. ಕೇಳದೆ ಎದುರಾಳಿಗೆ ಮಾತ್ರ ತಟ್ಟಬೇಡಿ.