ಕೊನೆಯ ಪಂಕ್ತಿಯವರು

ನಮ್ಮ ಹಿತ್ತಿಲಿನ ಊಟಕ್ಕೂ ಪಂಕ್ತಿಯ ಕ್ರಮವಿದೆ. ಮೊದಲ ಪಂಕ್ತಿ ಹುಳುಗಳದು, ಎರಡನೆಯದು ಹಕ್ಕಿ ಮತ್ತು ಅಳಿಲುಗಳದು, ರಾತ್ರಿಯ ವಿಶೇಷ ಪಂಕ್ತಿ ಬಾವಲಿಗಳದು. ಇವರೆಲ್ಲ ಉಂಡೆದ್ದ ಮೇಲೆ ಏನಾದರೂ ಮಿಕ್ಕಿದ್ದರೆ, ಗಿಡ ನೆಟ್ಟು ನೀರು ಹೊತ್ತ ನಾವು ಕೂರಬಹುದು.

ಮೈಸೂರಿನ 30x40 ಸೈಟಿನಲ್ಲಿ ಮನೆ, ಸಂಪು, ಸ್ಕೂಟರು ಎಲ್ಲ ಕಳೆದು ಉಳಿದ ಜಾಗವನ್ನು ಹಿತ್ತಿಲು ಎಂದು ಕರೆಯುವುದು ನನ್ನ ಅಭಿಮಾನ. ಅಲ್ಲಿ ಔಷಧಿ ಹೊಡೆಯಬಾರದು, ಯಾವ ಪ್ರಾಣಿಯನ್ನೂ ಓಡಿಸಬಾರದು, ಒಣಗಿದೆಲೆ ಗುಡಿಸಬಾರದು ಎಂಬ ಮೂರು ಕಾನೂನು ತಂದವಳೂ ನಾನೇ. ಮೂರನೆಯದಕ್ಕೆ ಮನೆಯವರೆಲ್ಲ ಚರ್ಚೆಯಿಲ್ಲದೆ ಒಪ್ಪಿಗೆ ಕೊಟ್ಟರು.

ತೊಡಕು ಶುರುವಾದದ್ದು ತೀರ್ಥಹಳ್ಳಿಯಿಂದ ಅತ್ತೆ ಬಂದಾಗ. ಒಗ್ಗರಣೆಗೆಂದು ಕರಿಬೇವು ಕಿತ್ತು ತಂದರು. ಎಲೆಯ ಮೇಲೆ ಹಕ್ಕಿಯ ಹಿಕ್ಕೆ. ತೊಳೆಯೋಣವೆಂದು ನಲ್ಲಿಗೆ ಹಿಡಿದರೆ ಹಿಕ್ಕೆ ನಡೆಯತೊಡಗಿತು! ಬೆರಳು ತಾಗಿದ್ದೇ ತಡ, ತಲೆಯ ಹಿಂದಿನಿಂದ ಕವಲುಕೊಂಬೊಂದನ್ನು ಚಾಚಿ ಘಾಟು ಬಿಟ್ಟಿತು. ಅತ್ತೆಯ ಕೂಗಿಗೆ ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿದರು.

ಸಿಕ್ಕಿದ ಅವಕಾಶ ಬಿಡದೆ ನಾನು ಪಾಠ ಶುರುಮಾಡಿದೆ. "ಅತ್ತೆ, ಇದು ಕಾಮನ್ ಮಾರ್ಮನ್ ಚಿಟ್ಟೆಯ ಮರಿ. ಹಕ್ಕಿಗಳು ತಿನ್ನದಿರಲಿ ಅಂತ ಚಿಕ್ಕದಿದ್ದಾಗ ಹಿಕ್ಕೆಯ ಹಾಗೆ ಕಾಣುತ್ತೆ. ಬೆಳೆದ ಮೇಲೆ ಎಲೆಯದೇ ಹಸಿರು. ರೋಸ್ ಅನ್ನೋ ಚಿಟ್ಟೆಗಳು ಈಶ್ವರಿ ಬಳ್ಳಿ ತಿಂದು ಮೈಯೆಲ್ಲ ವಿಷ ಮಾಡ್ಕೊಂಡಿರ್ತವೆ, ಹಕ್ಕಿಗಳು ಅವನ್ನ ಮುಟ್ಟಲ್ಲ. ಮಾರ್ಮನ್ ಹೆಣ್ಣುಗಳಲ್ಲಿ ಕೆಲವು ಆ ರೋಸ್‌ಗಳದೇ ವೇಷ ಹಾಕಿ ತಪ್ಪಿಸಿಕೊಳ್ತವೆ."

ಅತ್ತೆ ಕೈಯನ್ನು ಇನ್ನೊಮ್ಮೆ ಸೋಪು ಹಚ್ಚಿ ತೊಳೆದರು. "ಹುಟ್ಟುವಾಗ ಹಿಕ್ಕೆ, ದೊಡ್ಡದಾದ ಮೇಲೆ ಕಂಡವರ ಸೀರೆ. ಇಂಥದಕ್ಕೆ ಸೊಪ್ಪು ಹಾಕಿ ಸಾಕ್ತಿದ್ದೀಯಲ್ಲೇ ಮಾರಾಯ್ತಿ!"

ಅಂದಿನಿಂದ ಮರದ ಕರಿಬೇವು ಮಾರ್ಮನ್ ಸಂತಾನಕ್ಕೆ, ನಮ್ಮ ಸಾರಿಗೆ ಅಂಗಡಿಯದು. ಹಿಂದೆಲ್ಲ ತರಕಾರಿಯ ಜೊತೆ ಕೊಸರಾಗಿ ಬರುತ್ತಿದ್ದ ಕರಿಬೇವಿಗೆ ಈಗ ಕಾಸು ಕೊಡಬೇಕು. ಕೊಡುವಾಗಲಾದರೂ ನಾನು ಸುಮ್ಮನಿರಬೇಕಲ್ಲ? "ನೋಡಪ್ಪ, ಒಂದು ತೂತೂ ಇಲ್ಲ ಅಂದ್ರೆ ಔಷಧಿ ಹೊಡೆದಿದ್ದಾರೆ ಅಂತ ಅರ್ಥ" ಎಂದೆ. ಅಂಗಡಿಯವನು ಬುಟ್ಟಿಯ ಅಡಿಗೆ ಕೈ ಹಾಕಿ, "ಹಂಗಾದ್ರೆ ಈ ತೂತಿಂದು ತಗೊಳ್ಳಿ ಅಕ್ಕಾ, ಎಸೀಬೇಕು ಅಂತಿದ್ದೆ. ಅದೇ ರೇಟು" ಎಂದ. ತಂದೆ.

ಈಶ್ವರಿ ಬಳ್ಳಿಯನ್ನೂ ನೆಟ್ಟಿದ್ದೇನೆ. ನಾಟಿ ಮದ್ದಿನಲ್ಲಿ ಹೆಸರಿದ್ದರೂ ಅದರಲ್ಲಿ ಮೂತ್ರಪಿಂಡ ಕೆಡಿಸುವ ಆಮ್ಲವಿರುವುದರಿಂದ ನಾವು ಬಾಯಿಗಿಡುವಂತಿಲ್ಲ. ನೆಟ್ಟದ್ದು ನಮ್ಮ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಮೊಟ್ಟೆಯಿಡಲಿ ಎಂಬ ಆಸೆಗೆ. ಪಶ್ಚಿಮ ಘಟ್ಟದ ಕಾಡು ಬಿಟ್ಟು ನಮ್ಮ ಬಡಾವಣೆಯ ನಾಲ್ಕನೇ ಕ್ರಾಸಿಗೆ ಅದು ಯಾಕೆ ಬಂದೀತು ಎಂದು ನಮ್ಮವರು ಕೇಳಿದರು. ಬರಲಿಲ್ಲ. ಬಂದ ರೋಸ್ ಚಿಟ್ಟೆಗಳಿಗೇ ಕಾಫಿ ಲೋಟ ಹಿಡಿದು ಸ್ವಾಗತ ಕೋರಿದೆ.

ತುಳಸಿಯದು ಬೇರೆಯೇ ವ್ಯಾಜ್ಯ. ಗಿಡ ಪೊದೆಯಾಗಲಿ ಎಂದು ಅತ್ತೆ ಕದಿರು ಚಿವುಟುತ್ತಾರೆ. ತುಡುವೆ ಜೇನಿಗೆ ಹೂವು ಬೇಕು ಎಂದು ನಾನು ಅಡ್ಡ ನಿಲ್ಲುತ್ತೇನೆ. ಕೊನೆಗೆ ಪೂರ್ವದ ಕೊಂಬೆಗಳು ಅತ್ತೆಗೆ, ಪಶ್ಚಿಮದವು ಜೇನಿಗೆ ಎಂದು ಪಾಲಾಯಿತು. ಕೊತ್ತಂಬರಿ, ಸಬ್ಬಸಿಗೆಯನ್ನಂತೂ ಕೀಳದೆ ಹೂವಿಗೆ ಬಿಟ್ಟಿದ್ದೇನೆ. ಆ ಹೂವಿಗೆ ಬರುವ ಹೂನೊಣದ ಮರಿಗಳು ಅಲಸಂದೆಯ ಹೇನು ತಿನ್ನುತ್ತವೆ. ಹೀಗೆ ಉಳಿದ ಅಲಸಂದೆಯನ್ನು ಅಳಿಲು ತಿನ್ನುತ್ತದೆ. ಪಪ್ಪಾಯಿ ಕುಟ್ರ ಹಕ್ಕಿಗೆ, ಸೀಬೆ ಬಾವಲಿಗೆ.

ಹಾಗಾದರೆ ನಮಗೇನು? ಯಾರಿಗೂ ಬೇಡವಾದದ್ದು. ದೊಡ್ಡಪತ್ರೆಯ ತಂಬುಳಿ, ದೊಡ್ಡಪತ್ರೆಯ ಚಟ್ನಿ, ಹಬ್ಬವಾದರೆ ದೊಡ್ಡಪತ್ರೆಯ ಬಜ್ಜಿ. ಜ್ವರ ಬಂದರೆ ನೆಲಬೇವು, ಬರದಿದ್ದರೆ ಬರಬಾರದೆಂದು ಅಮೃತಬಳ್ಳಿ. "ಅಮ್ಮಾ, ಹುಳ ಬೇಡ ಅಂದಿದ್ದೆಲ್ಲ ನಮಗಾ?" ಎಂದು ಮಗ ಕೇಳಿದ. ಬೆಳೆಯುವ ಮಕ್ಕಳು ಪ್ರಶ್ನೆ ಕೇಳಬೇಕು. ಉತ್ತರ ಕೊಡಬೇಕೆಂದೇನಿಲ್ಲ.

ಬೆಳಗಿನ ಅಮೃತಬಳ್ಳಿ ಕಷಾಯವನ್ನು ನಮ್ಮವರು ಕಣ್ಣು ಮುಚ್ಚಿ ಕುಡಿಯುತ್ತಿದ್ದರು. ಮೊನ್ನೆ ನೋಡಿದರೆ ಬಳ್ಳಿಯ ಎಲೆಗಳೆಲ್ಲ ಜಾಲರಿ. ಬೆನ್ನು ಕಮಾನು ಮಾಡಿಕೊಂಡು, ಮೈಮೇಲಿನ ಎರಡು ಸುಳ್ಳು ಕಣ್ಣುಗಳಿಂದ ಹುಳವೊಂದು ನನ್ನನ್ನೇ ದುರುಗುಟ್ಟುತ್ತಿತ್ತು. ಪುಸ್ತಕ ತೆಗೆದು ನೋಡಿದೆ: ಹಣ್ಣು ಚುಚ್ಚುವ ಪತಂಗದ ಮರಿ. ಬಾಲ್ಯವೆಲ್ಲ ಅಮೃತಬಳ್ಳಿಯ ಮೇಲೆ ಕಳೆದು, ರೆಕ್ಕೆ ಬಂದ ಮೇಲೆ ರಾತ್ರಿ ಹೊತ್ತು ಗಟ್ಟಿ ಸೊಂಡಿಲಿನಿಂದ ದಾಳಿಂಬೆ, ಮೋಸಂಬಿಗಳಿಗೆ ತೂತು ಕೊರೆದು ರಸ ಹೀರುತ್ತದೆ. ಕುಂಡದಲ್ಲಿ ನಮಗೆಂದು ಉಳಿದಿದ್ದ ಒಂದೇ ದಾಳಿಂಬೆ ನೆನಪಾಗಿ, ನನ್ನ ಕಾನೂನನ್ನು ನಾನೇ ಮುರಿಯಲು ಕೈ ಮುಂದೆ ಹೋಯಿತು.

"ಮುಟ್ಟಬೇಡ!" ಹಿಂದಿನಿಂದ ಗದರಿದವರು ನಮ್ಮವರು. ಜೀವವೈವಿಧ್ಯ ಎಂದರೆ ಆಕಳಿಸುತ್ತಿದ್ದ ಮನುಷ್ಯ ಬಳ್ಳಿಗೆ ಅಡ್ಡ ನಿಂತಿದ್ದರು. "ಪಾಪ, ಅದಕ್ಕೂ ಹೊಟ್ಟೆ ಇಲ್ವೇನೇ? ಒಂದೆಲೆ ಬಿಡದೆ ತಿನ್ನಲಿ. ಹಾಗೇ ಆ ಪುಸ್ತಕ ಸರಿಯಾಗಿ ನೋಡು, ನೆಲಬೇವು ತಿನ್ನೋದೂ ಯಾವುದಾದ್ರೂ ಇದ್ರೆ ಅದನ್ನೂ ಕರೆಸೋಣ."